ಹಾಫ್‌ಬ್ಯಾಕ್: ನಡುವೆ ನಿಂತವನು ಯಾರ ಕಡೆ?

ನಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟ್ರ ಬಾಯಲ್ಲಿ 'ಮಿಡ್‌ಫೀಲ್ಡರ್' ಎಂಬ ಪದ ಯಾವತ್ತೂ ಬರಲಿಲ್ಲ. ಅವರದು ಹಳೆಯ ಲೆಕ್ಕ: ಒಬ್ಬ ಗೋಲಿ, ಇಬ್ಬರು ಬ್ಯಾಕು, ಮೂವರು ಹಾಫು, ಐವರು ಫಾರ್ವರ್ಡು. ಜಗತ್ತು ಆ ಲೆಕ್ಕವನ್ನು ಕೈಬಿಟ್ಟು ಎಷ್ಟೋ ಕಾಲವಾಗಿತ್ತು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಜಾಗ ಹಂಚುವುದರಲ್ಲೂ ಅವರ ನ್ಯಾಯ ಸರಳವಾಗಿತ್ತು. ಜೋರಾಗಿ ಒದೆಯುವವನು ಫಾರ್ವರ್ಡು. ಮೈಕೈ ನೋವಿಗೆ ಹೆದರದವನು ಬ್ಯಾಕು. ಎರಡೂ ಅಲ್ಲದ, ಆದರೆ ದಿನಾ ತಪ್ಪದೆ ಮೈದಾನಕ್ಕೆ ಬರುವ ನನ್ನಂಥವನು ಹಾಫು. "ನೀನು ಲೆಫ್ಟ್ ಹಾಫು ಕಣೋ. ಚೆಂಡು ಹಿಂದೆ ಹೋದ್ರೆ ನೀನೂ ಹಿಂದೆ, ಮುಂದೆ ಹೋದ್ರೆ ನೀನೂ ಮುಂದೆ. ಮಧ್ಯದಲ್ಲಿ ನಿಂತ್ಕೊಂಡು ನೋಡ್ತಾ ಇರೋದಕ್ಕೆ ನಿನ್ನ ಹಾಕಿಲ್ಲ" ಎಂದಿದ್ದರು.

ಸಂಜೆ ಮನೆಗೆ ಬಂದು ನಾನು ಹಾಫ್ ಆದೆ ಎಂದಾಗ ಅಜ್ಜಿ, "ಯಾಕೋ ಮಗಾ, ನಿನ್ನ ಪೂರ್ತಿ ಆಡಿಸಲ್ವಂತಾ?" ಎಂದು ಕೇಳಿದ್ದಳು. ಆಗ ನಕ್ಕಿದ್ದೆ. ಈಗ ಯೋಚಿಸಿದರೆ ಅಜ್ಜಿಯ ಅನುಮಾನ ನಮ್ಮ ಭಾಷೆಯದೇ ಅನುಮಾನ ಅನ್ನಿಸುತ್ತದೆ. ಕನ್ನಡಕ್ಕೆ ಅರ್ಧದ ಮೇಲೆ ಅಷ್ಟು ನಂಬಿಕೆಯಿಲ್ಲ. ಅರೆಬರೆ, ಅರ್ಧಂಬರ್ಧ, ಅರೆಮನಸ್ಸು, ಇವೆಲ್ಲ ಬೈಗುಳಕ್ಕೆ ಹತ್ತಿರದ ಮಾತುಗಳು. ಅತ್ತಲೂ ಅಲ್ಲ ಇತ್ತಲೂ ಅಲ್ಲ ಎನ್ನುವವನನ್ನು ಎಡಬಿಡಂಗಿ ಎಂದು ಕರೆದು ಮುಗಿಸುತ್ತೇವೆ. ಆದರೆ ಇದೇ ಭಾಷೆಯಲ್ಲಿ 'ನಡು' ಎಂಬ ಇನ್ನೊಂದು ಪದವೂ ಇದೆ. ನಡು ಎಂದರೆ ಮಧ್ಯ, ನಡು ಎಂದರೆ ಸೊಂಟ. ಭಾರ ಎತ್ತುವಾಗ ಮೊದಲು ಹಿಡಿದುಕೊಳ್ಳುವುದು ಅದನ್ನೇ. ಮನೆಯಲ್ಲಿ ಎಲ್ಲರೂ ಕೂಡುವ ಜಾಗ ನಡುಮನೆ. ಒಂದೇ ಜಾಗಕ್ಕೆ ಒಂದು ಪದ ಅವಮಾನವನ್ನೂ ಇನ್ನೊಂದು ಪದ ಭಾರವನ್ನೂ ಹೊರಿಸುತ್ತದೆ.

ಈ ಪ್ರಬಂಧ ಬರೆಯಲು ಕಾರಣ ಮೈದಾನದ ನೆನಪಲ್ಲ. ಎರಡು ವರ್ಷದ ಹಿಂದೆ ನನಗಿಂತ ಕಿರಿಯ ಸಂಶೋಧಕನೊಬ್ಬ ಹಾಸ್ಟೆಲ್ ಖಾಲಿ ಮಾಡಿಕೊಂಡು ಹೊರಡುವಾಗ ನನ್ನನ್ನು ಒಂದು ಪ್ರಶ್ನೆ ಕೇಳಿದ: "ಅಣ್ಣಾ, ನಿಜ ಹೇಳಿ, ನೀವು ಯಾರ ಕಡೆ ಆಡ್ತಾ ಇದ್ರಿ?" ಅವನಿಗೆ ನಾನು ಫುಟ್‌ಬಾಲ್ ಆಡುತ್ತಿದ್ದೆ ಎಂಬುದು ಗೊತ್ತಿರಲಿಲ್ಲ. ಆದರೂ ಆ 'ಆಡ್ತಾ ಇದ್ರಿ' ಎಂಬುದು ನನ್ನನ್ನು ನೇರ ಹಳೆಯ ಮೈದಾನಕ್ಕೆ ಕರೆದುಕೊಂಡು ಹೋಯಿತು. ಅಲ್ಲಿಂದ ಉತ್ತರ ಹುಡುಕುತ್ತಾ ಬಂದಿದ್ದೇನೆ.

ಮೊದಲು ಆ ಹೆಸರಿನ ಕಥೆ ನೋಡೋಣ. 19ನೇ ಶತಮಾನದ ಇಂಗ್ಲೆಂಡಿನ ಶಾಲೆಗಳಲ್ಲಿ ಫುಟ್‌ಬಾಲ್ ಎಂದರೆ ಒಂದೇ ಆಟವಾಗಿರಲಿಲ್ಲ. ಒಂದೊಂದು ಶಾಲೆಯಲ್ಲಿ ಒಂದೊಂದು ನಿಯಮ. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್, 1871ರಲ್ಲಿ ರಗ್ಬಿ ಯೂನಿಯನ್ ಹುಟ್ಟಿದವು. 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ದುಡಿಯುವ ಆಟಗಾರರಿಗೆ ಕೂಲಿ ನಷ್ಟ ತುಂಬಿಕೊಡಬೇಕೆಂಬ ಜಗಳದಲ್ಲಿ ಒಡೆದು ಹೊರಬಂದು, ಮುಂದೆ ರಗ್ಬಿ ಲೀಗ್ ಎನಿಸಿಕೊಂಡಿತು. ಅಮೆರಿಕದಲ್ಲಿ, ಆಸ್ಟ್ರೇಲಿಯಾದಲ್ಲಿ, ಐರ್ಲೆಂಡಿನಲ್ಲಿ ಬೇರೆ ಬೇರೆ ಆಟಗಳು ರೂಪುಗೊಂಡವು. ಅಣ್ಣತಮ್ಮಂದಿರು ಪಾಲಾದಾಗ ಹಳೆಯ ಪಾತ್ರೆಗಳು ಎಲ್ಲರ ಮನೆಗೂ ಹಂಚಿಹೋಗುವಂತೆ ಕೆಲವು ಪದಗಳು ಈ ಎಲ್ಲ ಮನೆಗಳಿಗೂ ಹೋದವು. ಅದರಲ್ಲಿ ಹಾಫ್‌ಬ್ಯಾಕ್ ಒಂದು.

ಹಾಫ್‌ಬ್ಯಾಕ್ ಎಂದರೆ ಅರ್ಧ ಹಿಂದೆ ನಿಂತವನು. ಅದೊಂದು ಅಳತೆ, ಅಷ್ಟೇ. ಪೂರ್ತಿ ಹಿಂದಿದ್ದವನು ಫುಲ್‌ಬ್ಯಾಕ್, ಮುಕ್ಕಾಲು ಹಿಂದಿದ್ದವನು ತ್ರೀಕ್ವಾರ್ಟರ್. ಈ ಅಳತೆಯ ಗೀಳು ನ್ಯೂಜಿಲೆಂಡಿನ ರಗ್ಬಿಯಲ್ಲಿ ತಮಾಷೆಯ ಮಟ್ಟಕ್ಕೆ ಹೋಯಿತು. ಅರ್ಧಕ್ಕೂ ಮುಕ್ಕಾಲಿಗೂ ನಡುವೆ ಒಬ್ಬನನ್ನು ನಿಲ್ಲಿಸಿದಾಗ ಅವನನ್ನು ಏನೆಂದು ಕರೆಯುವುದು? ಅರ್ಧ ಎಂದರೆ ಎಂಟರಲ್ಲಿ ನಾಲ್ಕು, ಮುಕ್ಕಾಲು ಎಂದರೆ ಎಂಟರಲ್ಲಿ ಆರು, ಹಾಗಾಗಿ ಇವನು ಫೈವ್-ಎಯ್ತ್, ಎಂಟರಲ್ಲಿ ಐದು! ಇವತ್ತಿಗೂ ಅಲ್ಲಿ 10ನೇ ನಂಬರಿನವನನ್ನು ಹಾಗೆಯೇ ಕರೆಯುತ್ತಾರೆ. ನಮ್ಮ ಹಳೆಯ ಮಗ್ಗಿ ಪುಸ್ತಕದ ಅರೆ, ಕಾಲು, ಮುಕ್ಕಾಲುಗಳನ್ನು ಬಾಯಿಪಾಠ ಮಾಡಿದ ಹಿರಿಯರಿಗೆ ಇದು ಖುಷಿ ಕೊಟ್ಟೀತು. ಇಲ್ಲಿ ಅರ್ಧ ಎಂಬುದು ದೂರದ ಲೆಕ್ಕ, ಯೋಗ್ಯತೆಯ ಲೆಕ್ಕವಲ್ಲ. ಅಜ್ಜಿಗೆ ಇದನ್ನು ಹೇಳಬೇಕಿತ್ತು.

ಆದರೆ ಒಂದೇ ಹೆಸರಿನ ಈ ಮನುಷ್ಯ ಪ್ರತಿ ಮನೆಯಲ್ಲೂ ಬೇರೆ ಬೇರೆ ಕೆಲಸ ಮಾಡುತ್ತಾನೆ. ರಗ್ಬಿಯ ಸ್ಕ್ರಮ್-ಹಾಫ್ ಎಂಟು ಜನ ದಾಂಡಿಗರು ತಲೆಗೆ ತಲೆ ಕೊಟ್ಟು ನೂಕುವ ಗುಂಪಿಗೆ ಚೆಂಡನ್ನು ಒಳಗೆ ಬಿಡುತ್ತಾನೆ, ಹಿಂದಿನಿಂದ ಓಡಿಬಂದು ಅದನ್ನು ಹೆಕ್ಕಿ ಹೊರಗೆ ಎಸೆಯುತ್ತಾನೆ. ಸಾಮಾನ್ಯವಾಗಿ ತಂಡದಲ್ಲಿ ಕುಳ್ಳ ಅವನೇ, ಬಾಯಿ ಜೋರೂ ಅವನದೇ. ಅಮೆರಿಕನ್ ಫುಟ್‌ಬಾಲಿನ ಹಾಫ್‌ಬ್ಯಾಕ್ ಚೆಂಡನ್ನು ಎದೆಗವಚಿಕೊಂಡು ತಾನೇ ನುಗ್ಗುತ್ತಾನೆ, ಪೆಟ್ಟು ತಿನ್ನುತ್ತಾನೆ. ಚೆಂಡು ತನ್ನ ಕೈಯಲ್ಲಿ ಇಲ್ಲದಾಗ ಕ್ವಾರ್ಟರ್‌ಬ್ಯಾಕ್‌ನ ಮುಂದೆ ನಿಂತು ಎದುರಾಳಿಗಳನ್ನು ತಡೆಯುತ್ತಾನೆ. ಆಸ್ಟ್ರೇಲಿಯನ್ ರೂಲ್ಸ್‌ನಲ್ಲಿ ಹಾಫ್‌ಬ್ಯಾಕ್ ಸಾಲು ಎಂದರೆ ರಕ್ಷಣೆಯ ಸಾಲು. ಅಲ್ಲಿ ಚೆಂಡು ಕಸಿದುಕೊಂಡವನೇ ದಾಳಿಯನ್ನೂ ಆರಂಭಿಸುತ್ತಾನೆ. ಐರಿಷರ ಗೇಲಿಕ್ ಫುಟ್‌ಬಾಲಿನಲ್ಲಿ 5, 6, 7ನೇ ನಂಬರಿನವರು ಹಾಫ್‌ಬ್ಯಾಕುಗಳು, ಅವರೂ ಮೊದಲು ಕಾಯಬೇಕು, ಆಮೇಲೆ ಕಟ್ಟಬೇಕು. ಇವರೆಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ಮೈಕಟ್ಟಿನಲ್ಲಿ ಹೋಲಿಕೆಯಿಲ್ಲ, ಕೌಶಲದಲ್ಲಿ ಹೋಲಿಕೆಯಿಲ್ಲ. ಹೋಲಿಕೆ ಒಂದೇ: ಇವರೆಲ್ಲರೂ ಯಾರದೋ ಹಿಂದೆ, ಯಾರದೋ ಮುಂದೆ ಇದ್ದಾರೆ. ಇವರ ಕೆಲಸಕ್ಕೆ ತನ್ನದೇ ಆದ ವ್ಯಾಖ್ಯೆ ಇಲ್ಲ. ಪಕ್ಕದವರಿಂದ ಅದಕ್ಕೆ ಅರ್ಥ ಬರುತ್ತದೆ.

ಅಸೋಸಿಯೇಷನ್ ಫುಟ್‌ಬಾಲಿನಲ್ಲಿ ಈ ನಡುವಿನ ಜಾಗ ಹೇಗೆ ಹುಟ್ಟಿತು ಎಂಬುದು ಸ್ವಾರಸ್ಯಕರ. 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವೆ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆಯಿತು. ಇಂಗ್ಲಿಷರು ಏಳೆಂಟು ಜನರನ್ನು ಮುಂದೆಯೇ ನಿಲ್ಲಿಸಿದ್ದರು. ಅವರ ಆಟವೆಂದರೆ ಚೆಂಡು ಸಿಕ್ಕವನು ತಾನೇ ಅದನ್ನು ಅಟ್ಟಿಕೊಂಡು ಹೋಗುವುದು, ಕಳೆದುಕೊಳ್ಳುವವರೆಗೂ. ಸ್ಕಾಟಿಷರೆಲ್ಲ ಕ್ವೀನ್ಸ್ ಪಾರ್ಕ್ ಎಂಬ ಒಂದೇ ಕ್ಲಬ್ಬಿನವರು, ಒಬ್ಬರಿಗೊಬ್ಬರು ಚೆಂಡು ಕೊಟ್ಟು ಆಡುವುದನ್ನು ಕಲಿಯುತ್ತಿದ್ದವರು. ಪಂದ್ಯ 0-0. ಆಮೇಲಿನ ಹತ್ತು ಹದಿನೈದು ವರ್ಷಗಳಲ್ಲಿ ಗೆದ್ದದ್ದು ಕೊಟ್ಟು ಆಡುವ ಪದ್ಧತಿ. ಚೆಂಡನ್ನು ಯಾರಿಗೂ ಕೊಡದ ಆಟದಲ್ಲಿ ನಡುವಿನವನಿಗೆ ಕೆಲಸವೇ ಇಲ್ಲ. ಕೊಡುವುದು ಶುರುವಾದ ಮೇಲೆ ಮುಂದಿನ ಸಾಲಿನಿಂದ ಒಬ್ಬೊಬ್ಬರಾಗಿ ಹಿಂದಕ್ಕೆ ಬಂದರು, ಮೂವರು ಹಾಫ್‌ಬ್ಯಾಕುಗಳಾದರು. ನಮ್ಮ ಮೇಷ್ಟ್ರು ಹೇಳುತ್ತಿದ್ದ 2-3-5 ಹೀಗೆ ಹುಟ್ಟಿದ್ದು. ಆ ಮೂವರಲ್ಲಿ ಮಧ್ಯದವನಾದ ಸೆಂಟರ್-ಹಾಫ್ ಇಡೀ ತಂಡದ ಬೆನ್ನುಮೂಳೆ.

ಈ ಜಾಗದ ಲಾಭವೂ ಸಂಕಟವೂ ಅಲ್ಲಿಂದಲೇ ಶುರು. ಗೋಲು ಹೊಡೆದವನಿಗೆ ಹೆಸರು. ಅವನಿಗೆ ಚೆಂಡು ಕೊಟ್ಟವನಿಗೆ ಈಚೆಗೆ 'ಅಸಿಸ್ಟ್' ಎಂಬ ಲೆಕ್ಕ. ಎದುರಾಳಿಯ ಕಾಲಿನಿಂದ ಚೆಂಡನ್ನು ಬಿಡಿಸಿ, ತಲೆಯೆತ್ತಿ ನೋಡಿ, ಆ ಎರಡನೆಯವನಿಗೆ ತಲುಪಿಸಿದವನಿಗೆ ಸಾಮಾನ್ಯವಾಗಿ ಯಾವ ಲೆಕ್ಕವೂ ಇಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ತಲುಪಿ, ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. ಆ ದಿನ ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಹೆಸರು ಕ್ವಿಜ್ ಪುಸ್ತಕಗಳಲ್ಲಿ ಸಿಗುತ್ತದೆ. ಅದೇ ತಂಡದಲ್ಲಿ ನಮ್ಮ ಮೈಸೂರು ರಾಜ್ಯದ ಕೆಂಪಯ್ಯ ಎಂಬ ಹಾಫ್‌ಬ್ಯಾಕ್ ಇದ್ದರು, ನಾಲ್ಕು ವರ್ಷದ ನಂತರ ರೋಮ್ ಒಲಿಂಪಿಕ್ಸ್‌ಗೂ ಹೋದರು. ಕನ್ನಡದ ಎಷ್ಟು ಜನ ಓದುಗರಿಗೆ ಆ ಹೆಸರು ಗೊತ್ತು? ನನಗೂ ತೀರಾ ಈಚೆಗೆ ಗೊತ್ತಾದದ್ದು.

ಆದರೆ ಹೆಸರು ಸಿಗದಿರುವುದು ಅಂಥ ದೊಡ್ಡ ನೈತಿಕ ಪ್ರಶ್ನೆಯಲ್ಲ. ಅದಕ್ಕಿಂತ ಆಳದ ಪ್ರಶ್ನೆಯೊಂದು 1925ರಲ್ಲಿ ಎದುರಾಯಿತು. ಆ ವರ್ಷ ಆಫ್‌ಸೈಡ್ ನಿಯಮ ಬದಲಾಯಿತು. ಮುಂದೆ ನಿಂತವನಿಗೂ ಗೋಲು ಗೆರೆಗೂ ನಡುವೆ ಎದುರಾಳಿಗಳು ಮೂವರು ಇರಬೇಕಾದಲ್ಲಿ ಇಬ್ಬರಿದ್ದರೆ ಸಾಕು ಎಂದಾಯಿತು. ಗೋಲುಗಳು ಸುರಿಯತೊಡಗಿದವು. ಅಕ್ಟೋಬರ್‌ನಲ್ಲಿ ಆರ್ಸೆನಲ್ ತಂಡ ನ್ಯೂಕ್ಯಾಸಲ್ ಎದುರು 7-0ಯಿಂದ ಸೋತಿತು. ಹೊಸದಾಗಿ ಬಂದಿದ್ದ ಮ್ಯಾನೇಜರ್ ಹರ್ಬರ್ಟ್ ಚಾಪ್ಮನ್, ಆಟಗಾರ ಚಾರ್ಲಿ ಬಕನ್ ಒತ್ತಾಯಿಸುತ್ತಿದ್ದ ಉಪಾಯವನ್ನು ಒಪ್ಪಿ ಸೆಂಟರ್-ಹಾಫ್‌ನನ್ನು ಇಬ್ಬರು ಬ್ಯಾಕುಗಳ ನಡುವೆ ಇಳಿಸಿದರು. ಜ್ಯಾಕ್ ಬಟ್ಲರ್ ಎಂಬಾತ ಮೊದಲು ಇಳಿದ. ಆಮೇಲೆ ಆ ಜಾಗಕ್ಕೆ ಬಂದ ಹರ್ಬಿ ರಾಬರ್ಟ್ಸ್‌ನನ್ನು ಜನ 'ಪೊಲೀಸ್‌ಮನ್' ಎಂದೇ ಕರೆದರು. ಕಟ್ಟುವವನಾಗಿದ್ದ ಸೆಂಟರ್-ಹಾಫ್ ಈಗ ಕಾವಲುಗಾರ. ಹೆಸರು ಮಾತ್ರ ಬದಲಾಗಲಿಲ್ಲ. ಇವತ್ತಿಗೂ ಇಂಗ್ಲೆಂಡಿನಲ್ಲಿ ಕಟ್ಟಕಡೆಯ ರಕ್ಷಕನಿಗೆ 'ಸೆಂಟರ್-ಹಾಫ್' ಎನ್ನುತ್ತಾರೆ. ಅರ್ಧವೂ ಇಲ್ಲ, ನಡುವೂ ಇಲ್ಲ. ಅತ್ತ ಅರ್ಜೆಂಟೀನಾ, ಉರುಗ್ವೆಗಳಲ್ಲಿ ಹಳೆಯ ಸೆಂಟರ್-ಹಾಫ್‌ನ 5ನೇ ನಂಬರ್ ನಡುವಿನವನ ಬಳಿಯೇ ಉಳಿದುಕೊಂಡಿತು. ಅಮೆರಿಕದಲ್ಲೂ ಇದೇ ಕಥೆ: 'ಐ' ವ್ಯೂಹದಲ್ಲಿ ಫುಲ್‌ಬ್ಯಾಕ್ ಮುಂದೆ ನಿಲ್ಲುತ್ತಾನೆ, ಹಾಫ್‌ಬ್ಯಾಕ್ ಅವನ ಹಿಂದೆ. ಅರ್ಧದವನು ಪೂರ್ತಿಯವನಿಗಿಂತ ಹೆಚ್ಚು ದೂರ!

ಹೆಸರು ಒಂದು ಕಡೆ, ಮನುಷ್ಯ ಇನ್ನೊಂದು ಕಡೆ. ಹಾಗಾದರೆ ಕರ್ತವ್ಯ ಯಾವ ಕಡೆ? ಹೆಸರಿನ ಜೊತೆ ಇರುತ್ತದೋ, ನಿಂತ ಜಾಗದ ಜೊತೆಯೋ?

ಈ ಪ್ರಶ್ನೆಗೆ ಹೆಚ್ಚು ಕಡಿಮೆ ಹಾಫ್‌ಬ್ಯಾಕುಗಳು ಹುಟ್ಟುತ್ತಿದ್ದ ಕಾಲದಲ್ಲೇ, 1876ರಲ್ಲಿ, ಆಕ್ಸ್‌ಫರ್ಡಿನ ತತ್ವಜ್ಞಾನಿ ಎಫ್.ಎಚ್. ಬ್ರಾಡ್ಲಿ ಒಂದು ಉತ್ತರ ಕೊಟ್ಟಿದ್ದ. ಅವನ 'ಎಥಿಕಲ್ ಸ್ಟಡೀಸ್' ಪುಸ್ತಕದ ಪ್ರಸಿದ್ಧ ಪ್ರಬಂಧದ ಹೆಸರೇ 'ನನ್ನ ಸ್ಥಾನ ಮತ್ತು ಅದರ ಕರ್ತವ್ಯಗಳು'. ಸಾರಾಂಶ ಇಷ್ಟು: ಮನುಷ್ಯ ಒಂಟಿಯಾಗಿ ಆಕಾಶದಿಂದ ಬಿದ್ದವನಲ್ಲ. ಕುಟುಂಬ, ಊರು, ವೃತ್ತಿ, ದೇಶಗಳ ಒಳಗೆ ಅವನಿಗೊಂದು ಸ್ಥಾನವಿದೆ. ಏನು ಮಾಡಬೇಕು ಎಂಬುದು ಆ ಸ್ಥಾನದಿಂದಲೇ ಹುಟ್ಟುತ್ತದೆ. ಆಟದ ಮೈದಾನದಲ್ಲಿ ಈ ಮಾತು ಎಷ್ಟು ಸರಿಹೊಂದುತ್ತದೆ ನೋಡಿ. ಲೆಫ್ಟ್ ಹಾಫ್ ಆದವನು ಬೆಳಿಗ್ಗೆ ಎದ್ದು 'ನಾನು ಏನು ಮಾಡಲಿ?' ಎಂದು ಹೊಸದಾಗಿ ಚಿಂತಿಸಬೇಕಿಲ್ಲ.

ಆದರೆ ಈ ಮಾತನ್ನು ನಮ್ಮ ನೆಲದಲ್ಲಿ ನಿಂತು ಓದುವವರಿಗೆ ಹೊಟ್ಟೆಯೊಳಗೆ ಏನೋ ಚುಚ್ಚುತ್ತದೆ. 'ನಿನ್ನ ಜಾಗ ಇದು, ನಿನ್ನ ಕೆಲಸ ಇದು' ಎಂಬ ಮಾತನ್ನು ಈ ದೇಶ ಶತಮಾನಗಟ್ಟಲೆ ಕೇಳಿದೆ. ಅದನ್ನು ಹೇಳಿದವರು ಯಾರು, ಕೇಳಬೇಕಾದವರು ಯಾರು ಎಂಬುದೂ ಗೊತ್ತಿದೆ. ಜಾತಿಯನ್ನು ಬರೀ ಶ್ರಮ ವಿಭಜನೆ ಎಂದು ಸಮರ್ಥಿಸುವ ವಾದವನ್ನು ಅಂಬೇಡ್ಕರ್ 1936ರಲ್ಲೇ ಮುರಿದು ಹಾಕಿದ್ದಾರೆ. ಮೈದಾನವೂ ಇದರಿಂದ ಹೊರತಲ್ಲ. ಕೆನ್ನಿ ವಾಷಿಂಗ್ಟನ್ 1939ರಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯ ತಂಡದ ಹಾಫ್‌ಬ್ಯಾಕ್, ದೇಶದ ಅತ್ಯುತ್ತಮ ಆಟಗಾರರಲ್ಲಿ ಒಬ್ಬ. ಕಪ್ಪು ಜನರನ್ನು 1934ರಿಂದ ಹೊರಗಿಟ್ಟಿದ್ದ ವೃತ್ತಿಪರ ಲೀಗು ಅವನಿಗೆ ಬಾಗಿಲು ತೆರೆದದ್ದು 1946ರಲ್ಲಿ, ಮೊಣಕಾಲುಗಳು ಹಾಳಾದ ಮೇಲೆ. ಆಮೇಲೆ ಬಾಗಿಲು ತೆರೆದರೂ ಒಳಗೆ ಗೆರೆಗಳಿದ್ದವು. ತಂಡವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಜಾಗ ಬಹುಕಾಲ ಬಿಳಿಯರದು. ಕಪ್ಪು ಹುಡುಗರು ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದರೂ ಅವರನ್ನು ಓಡುವ, ಹಿಡಿಯುವ, ತಡೆಯುವ ಜಾಗಗಳಿಗೆ ಕಳಿಸುತ್ತಿದ್ದರು. 1970ರ ಸುಮಾರಿಗೆ ಅಲ್ಲಿನ ಸಮಾಜಶಾಸ್ತ್ರಜ್ಞರು ಇದನ್ನು ಎಣಿಸಿ ತೋರಿಸಿದರು, 'ಸ್ಟ್ಯಾಕಿಂಗ್' ಎಂದು ಕರೆದರು. ನೀನು ಓಡು, ಯೋಚನೆ ನಮಗಿರಲಿ ಎನ್ನುವ ವ್ಯವಸ್ಥೆ ಅದು.

ಹಾಗಿದ್ದರೆ ಸ್ಥಾನದಿಂದ ಕರ್ತವ್ಯ ಹುಟ್ಟುತ್ತದೆ ಎಂಬ ಮಾತನ್ನೇ ಬಿಟ್ಟುಬಿಡಬೇಕೆ? ಬ್ರಾಡ್ಲಿ ಕೂಡ ಅಲ್ಲಿಗೇ ನಿಲ್ಲಲಿಲ್ಲ, ಸ್ಥಾನವಷ್ಟೇ ನೀತಿಗೆ ಸಾಲದು ಎಂದು ಅವನೇ ಒಪ್ಪಿಕೊಂಡಿದ್ದ. ನನಗೆ ಇಲ್ಲಿ ಮೇಷ್ಟ್ರ ಮಾತು ಸಹಾಯಕ್ಕೆ ಬರುತ್ತದೆ. ಅವರು 'ಇದು ನಿನ್ನ ಜಾಗ, ಇಲ್ಲೇ ಇರು' ಎಂದಿರಲಿಲ್ಲ. ಚೆಂಡು ಹೋದಲ್ಲಿ ಹೋಗು ಎಂದಿದ್ದರು. ಎಡಗಡೆಯ ಬ್ಯಾಕ್ ಮುಂದೆ ನುಗ್ಗಿದರೆ ಅವನು ಬಿಟ್ಟ ಜಾಗಕ್ಕೆ ನಾನು ಹೋಗಬೇಕು. ನಾನು ಮುಂದೆ ಹೋದರೆ ನನ್ನ ಜಾಗಕ್ಕೆ ಇನ್ನೊಬ್ಬ ಬರಬೇಕು. ಕರ್ತವ್ಯ ಹೆಸರಿನಿಂದ ಹುಟ್ಟುವುದಿಲ್ಲ, ತಾನು ನಿಂತ ಚೌಕದಿಂದಲೂ ಹುಟ್ಟುವುದಿಲ್ಲ. ಎಲ್ಲಿ ತೆರವಿದೆಯೋ, ನಮ್ಮವರಲ್ಲಿ ಯಾರು ಒಂಟಿಯಾಗಿದ್ದಾರೋ, ಅಲ್ಲಿಂದ ಹುಟ್ಟುತ್ತದೆ. ಜಾತಿಯ ಸ್ಥಾನಕ್ಕೂ ಹಾಫ್‌ಬ್ಯಾಕ್‌ನ ಸ್ಥಾನಕ್ಕೂ ಇರುವ ವ್ಯತ್ಯಾಸ ಇಷ್ಟೇ ಮತ್ತು ಇದು ಸಣ್ಣದಲ್ಲ. ಒಂದು ಸ್ಥಾನ ನ್ಯಾಯದ್ದೋ ಅಲ್ಲವೋ ಎಂದು ನೋಡಲು ಎರಡು ಪ್ರಶ್ನೆ ಕೇಳಬಹುದು: ಅಗತ್ಯ ಬಿದ್ದಾಗ ಅದರಲ್ಲಿರುವವನು ಅದನ್ನು ಬಿಟ್ಟು ಹೋಗಬಹುದೇ? ಅವನು ಹೋದಾಗ ಮೇಲಿನವನು ಇಳಿದುಬಂದು ಅದನ್ನು ತುಂಬುತ್ತಾನೆಯೇ?

ಈಗ ಆ ಹುಡುಗನ ಕಥೆಗೆ ಬರುತ್ತೇನೆ.

ನಾನಿದ್ದ ಕಡೆ ಒಂದು ವರ್ಷ ಸಂಶೋಧಕರ ಫೆಲೋಶಿಪ್ ಏಳು ತಿಂಗಳು ಬರಲಿಲ್ಲ. ಎಲ್ಲರದ್ದಲ್ಲ, ಒಂದು ಬಾಬತ್ತಿನಿಂದ ಬರುವವರದ್ದು. ನನ್ನದು ಬೇರೆ ಬಾಬತ್ತು, ತಿಂಗಳು ತಿಂಗಳು ಬರುತ್ತಿತ್ತು. ಸಿಟ್ಟಾದವರು ಸಭೆ ಸೇರಿದರು, ಅರ್ಜಿ ಬರೆದರು, ಕಚೇರಿಯ ಮುಂದೆ ಕೂತರು. ಎರಡೂ ಕಡೆಯವರು ನನ್ನನ್ನು ಕರೆದರು. ಸಂಶೋಧಕರಿಗೆ ನಾನು ಹಿರಿಯ. ಕಚೇರಿಯವರಿಗೆ ನಾನು 'ಸಮಾಧಾನವಾಗಿ ಮಾತಾಡುವ ಹುಡುಗ'. "ನೀವು ಮಧ್ಯೆ ನಿಂತು ಒಂದು ದಾರಿ ಮಾಡ್ರಿ" ಎಂದರು. ನನಗೆ ಹೆಮ್ಮೆಯಾಯಿತು. ಲೆಫ್ಟ್ ಹಾಫ್ ಆಗಿ ಬೆಳೆದವನಿಗೆ ಇದಕ್ಕಿಂತ ಒಗ್ಗುವ ಕೆಲಸ ಯಾವುದು ಅಂದುಕೊಂಡೆ.

ಐದು ತಿಂಗಳು ಓಡಾಡಿದೆ. ಇವರ ಮಾತಿನ ಖಾರ ತೆಗೆದು ಅವರಿಗೆ ತಲುಪಿಸಿದೆ. ಅವರ ಉಡಾಫೆಯನ್ನು ಮೃದು ಮಾಡಿ ಇವರಿಗೆ ತಂದು ಹೇಳಿದೆ. "ಕಡತ ಮೇಲೆ ಹೋಗಿದೆಯಂತೆ, ಸ್ವಲ್ಪ ತಾಳಿ" ಎನ್ನುವುದು ನನ್ನ ಬಾಯಿಪಾಠವಾಯಿತು. ಒಮ್ಮೆ ಧರಣಿಯನ್ನು ಒಂದು ವಾರ ಮುಂದೂಡಿಸಿದೆ. ಆ ವಾರ ಏನೂ ಆಗಲಿಲ್ಲ. ಎರಡೂ ಕಡೆಯವರು ನನ್ನನ್ನು ಗೌರವದಿಂದಲೇ ಕಾಣುತ್ತಿದ್ದರು. ಅದನ್ನೇ ನಾನು ಸರಿಯಾಗಿ ಆಡುತ್ತಿದ್ದೇನೆ ಎಂಬುದಕ್ಕೆ ಸಾಕ್ಷಿ ಎಂದುಕೊಂಡೆ. ಆ ಹುಡುಗನ ಅಪ್ಪ ಅಮ್ಮ ಇಬ್ಬರೂ ಕೂಲಿಯವರು. ಮೂರನೆಯ ತಿಂಗಳಿಗೆ ಅವನು ಸಂಜೆ ಹೊತ್ತು ಬೈಕಿನಲ್ಲಿ ಊಟದ ಪೊಟ್ಟಣ ಹಂಚುವ ಕೆಲಸಕ್ಕೆ ಸೇರಿದ. ಐದನೆಯ ತಿಂಗಳಿಗೆ ಟ್ರಂಕು ಕಟ್ಟಿದ. ಬಸ್ ನಿಲ್ದಾಣದವರೆಗೆ ಅವನ ಟ್ರಂಕಿನ ಒಂದು ಹಿಡಿಕೆ ನಾನು ಹಿಡಿದಿದ್ದೆ. ಅಲ್ಲಿ ಕೇಳಿದ್ದು ಆ ಪ್ರಶ್ನೆ. ಸಿಟ್ಟಿನಿಂದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಎಂಬಂತೆ.

ನಾನು ಏನೋ ಹೇಳಿದೆ. "ಹಂಗಲ್ಲ ಕಣೋ, ನಾನು ಮಧ್ಯದವನು..." ಎಂದು. ಬಸ್ಸು ಬಂತು.

ನನ್ನ ತಪ್ಪು ಎಲ್ಲಿತ್ತು ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ತಿಳಿದಾಗ ಅದು ಮೈದಾನದಲ್ಲಿ ಯಾವ ಮಗುವಿಗೂ ಗೊತ್ತಿರುವ ವಿಷಯವಾಗಿತ್ತು. ಹಾಫ್‌ಬ್ಯಾಕ್ ಎರಡು ತಂಡಗಳ ನಡುವೆ ನಿಲ್ಲುವವನಲ್ಲ. ತನ್ನ ತಂಡದ ನಡುವೆ ನಿಲ್ಲುವವನು. ಎರಡು ತಂಡಗಳ ನಡುವೆ ನಿಲ್ಲುವವನು ರೆಫರಿ. ಇಬ್ಬರೂ ಮೈದಾನದ ಮಧ್ಯದಲ್ಲೇ ಓಡಾಡುತ್ತಾರೆ. ದೂರದಿಂದ ನೋಡಿದರೆ ಒಂದೇ ಜಾಗದಲ್ಲಿದ್ದಾರೆ ಅನ್ನಿಸುತ್ತದೆ. ನಾನು ಹಾಫ್‌ನ ಅಂಗಿ ತೊಟ್ಟು ರೆಫರಿಯ ಸೀಟಿ ಊದುತ್ತಿದ್ದೆ.

ರೆಫರಿಯ ಕೆಲಸ ಕೀಳು ಎಂದಲ್ಲ. ಅದಕ್ಕೆ ತನ್ನದೇ ಘನತೆ ಇದೆ. ಆದರೆ ಅದಕ್ಕೆ ಕೆಲವು ಷರತ್ತುಗಳಿವೆ. ಎರಡೂ ಕಡೆಯವರು ಅವನನ್ನು ಒಪ್ಪಿರಬೇಕು, ಅವನು ಬೇರೆ ಬಣ್ಣದ ಅಂಗಿ ತೊಟ್ಟಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅವನ ಕೈಯಲ್ಲಿ ನಿಯಮವನ್ನು ಜಾರಿ ಮಾಡುವ ಅಧಿಕಾರ ಇರಬೇಕು. ನನ್ನ ಬಳಿ ಯಾವ ಅಧಿಕಾರವಿತ್ತು? ಕಾಯಿರಿ ಎಂದು ಹೇಳುವ ಅಧಿಕಾರ ಮಾತ್ರ, ಅದೂ ಕಾಯುವವರಿಗೆ ಮಾತ್ರ. ಕಾಯಿಸುವವರಿಗೆ ಏನನ್ನೂ ಹೇಳಲಾರದ ಮಧ್ಯಸ್ಥ ಒಂದು ಕಡೆಯವನಾಗಿಯೇ ಕೆಲಸ ಮಾಡುತ್ತಿರುತ್ತಾನೆ, ಅವನ ಮನಸ್ಸಿನಲ್ಲಿ ಏನೇ ಇರಲಿ.

ಮಧ್ಯ ಎಂದರೆ ಎರಡೂ ತುದಿಗಳಿಂದ ಸಮದೂರ ಎಂಬ ತಪ್ಪನ್ನು ಅರಿಸ್ಟಾಟಲ್ ಬಹಳ ಹಿಂದೆಯೇ ಬಿಡಿಸಿದ್ದ, ಅದೂ ಒಬ್ಬ ಜಟ್ಟಿಯ ಉದಾಹರಣೆ ಕೊಟ್ಟು. ಹತ್ತು ಪಾಲು ಊಟ ಹೆಚ್ಚು, ಎರಡು ಪಾಲು ಕಡಿಮೆ ಎಂದಾದರೆ ಆರು ಪಾಲು ಎಲ್ಲರಿಗೂ ಸರಿ ಎಂದಲ್ಲ. ಮೈಲೋನಂಥ ಜಟ್ಟಿಗೆ ಅದು ಸಾಲದು, ಈಗಷ್ಟೇ ಗರಡಿಗೆ ಬಂದವನಿಗೆ ಹೆಚ್ಚಾದೀತು. ನೀತಿಯಲ್ಲಿ ಮಧ್ಯ ಎಂಬುದು ಅಂಕಗಣಿತದ ಮಧ್ಯವಲ್ಲ. ಏಳು ತಿಂಗಳು ದುಡ್ಡು ಕಾಣದವನಿಗೂ ತಿಂಗಳ ಮೊದಲ ವಾರ ಸಂಬಳ ಎಣಿಸುವವರಿಗೂ ಸಮದೂರದಲ್ಲಿ ನಿಂತವನು ಮಧ್ಯದಲ್ಲಿ ನಿಂತಿಲ್ಲ. ಅವನ ಕಾಲ ಕೆಳಗಿನ ನೆಲವೇ ಒಂದು ಕಡೆಗೆ ಇಳಿಜಾರಾಗಿದೆ.

ಹಾಗಾದರೆ ಹಾಫ್‌ಬ್ಯಾಕ್‌ನ ನೀತಿ ಎಂದರೆ ಕಣ್ಣುಮುಚ್ಚಿದ ಪಕ್ಷಪಾತವೇ ಎಂದು ಕೇಳಬಹುದು. ಇದಕ್ಕೆ ನನಗೆ ನೆನಪಾಗುವುದು 1950ರ ಜುಲೈ 16. ರಿಯೋದ ಮಾರಕಾನಾ ಕ್ರೀಡಾಂಗಣದಲ್ಲಿ ಸುಮಾರು ಎರಡು ಲಕ್ಷ ಜನ. ಪಂದ್ಯ ಸಮವಾದರೂ ವಿಶ್ವಕಪ್ ಬ್ರೆಜಿಲ್‌ನದ್ದು. ವಿರಾಮ ಮುಗಿದು ಎರಡು ನಿಮಿಷಕ್ಕೆ ಬ್ರೆಜಿಲ್ ಗೋಲು ಹೊಡೆಯಿತು. ಉರುಗ್ವೆಯ ನಾಯಕ, ಸೆಂಟರ್-ಹಾಫ್ ಒಬ್ದುಲಿಯೊ ವರೇಲಾ ಚೆಂಡನ್ನು ಎತ್ತಿಕೊಂಡ. ಅವಸರ ಮಾಡಲಿಲ್ಲ. ಅದು ಆಫ್‌ಸೈಡ್ ಎಂದು ರೆಫರಿಯ ಬಳಿ ವಾದಕ್ಕೆ ನಿಂತ. ಗೋಲು ರದ್ದಾಗಲಿಲ್ಲ. ಆದರೆ ಆ ಹೊತ್ತಿನಲ್ಲಿ ಕ್ರೀಡಾಂಗಣದ ಬೊಬ್ಬೆ ಇಳಿಯಿತು, ಅವನ ಜೊತೆಗಾರರ ಎದೆಬಡಿತವೂ ಇಳಿಯಿತು. ಆಮೇಲೆ ಸ್ಕಿಯಾಫಿನೊ ಒಂದು, ಗಿಗ್ಗಿಯಾ ಒಂದು ಗೋಲು ಹೊಡೆದು ಉರುಗ್ವೆ 2-1ರಿಂದ ಗೆದ್ದಿತು. ಗೋಲು ಹೊಡೆದವರು ಅವರಿಬ್ಬರು. ವರೇಲಾ ತಂದುಕೊಟ್ಟದ್ದು ಸಮಯವನ್ನು. ನಡುವಿನವನು ತನ್ನವರಿಗಾಗಿ ಆಟ ನಿಧಾನ ಮಾಡುವುದು ಎಂದರೆ ಇದು. ನಾನೂ ನಿಧಾನ ಮಾಡಿದ್ದೆ, 'ಸ್ವಲ್ಪ ತಾಳಿ' ಎಂದು. ಆದರೆ ನಾನು ಗಳಿಸಿಕೊಟ್ಟ ಸಮಯ ಯಾರಿಗೆ ಸಿಕ್ಕಿತು? ಆ ರಾತ್ರಿ ವರೇಲಾ ಗೆಲುವಿನ ಔತಣ ಬಿಟ್ಟು ರಿಯೋದ ಬಾರುಗಳಲ್ಲಿ ಅಳುತ್ತಿದ್ದ ಬ್ರೆಜಿಲಿಯನ್ನರ ಜೊತೆ ಕೂತು ಕುಡಿದ ಎಂದು ಹೇಳುತ್ತಾರೆ. ಕಡೆ ಯಾವುದು ಎಂದು ಸ್ಪಷ್ಟವಿದ್ದವನಿಗೆ ಎದುರಿನವನ ದುಃಖವೂ ಕಾಣಬಹುದು. ಪಕ್ಷ ಹಿಡಿಯುವುದಕ್ಕೂ ದ್ವೇಷಿಸುವುದಕ್ಕೂ ಅಂಥ ಸಂಬಂಧವೇನಿಲ್ಲ.

ಫೆಲೋಶಿಪ್ ಎಂಟನೆಯ ತಿಂಗಳಲ್ಲಿ ಬಂತು, ಬಾಕಿಯೆಲ್ಲ ಸೇರಿಸಿ. ಅವನು ವಾಪಸ್ ಬರಲಿಲ್ಲ. ಈಗ ಅವನ ಜಿಲ್ಲಾ ಕೇಂದ್ರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ಕೊಡುವಲ್ಲಿ ಪಾಠ ಹೇಳುತ್ತಾನೆ. ಫೋನು ಮಾಡಿದರೆ ಚೆನ್ನಾಗಿಯೇ ಮಾತಾಡುತ್ತಾನೆ. ಅವನ ಪ್ರಶ್ನೆಯನ್ನು ನಾವಿಬ್ಬರೂ ಮತ್ತೆ ಎತ್ತಿಲ್ಲ. ಒಮ್ಮೆ ನಾನೇ ಎತ್ತಬೇಕು. ಈ ಪ್ರಬಂಧವನ್ನು ಅವನು ಓದಿದರೆ ಇದೇ ಎತ್ತಿದ ಹಾಗೆ.

ಕಳೆದ ತಿಂಗಳು ಇನ್ನೊಂದು ಸಮಸ್ಯೆ ಬಂತು. ಸಣ್ಣದು, ಹಾಸ್ಟೆಲ್ ಕೋಣೆಗಳ ಕುರಿತದ್ದು. ಕಚೇರಿಯ ಅದೇ ಹಿರಿಯ ಗುಮಾಸ್ತರು ಕರೆದು, "ನೀವೇ ಮತ್ತೆ ಮಧ್ಯೆ ನಿಂತು ಮಾತಾಡ್ರಿ" ಎಂದರು. ಈ ಸಲ ತಯಾರಾಗಿಯೇ ಹೋಗಿದ್ದೆ. "ಮಾತಾಡ್ತೀನಿ ಸರ್. ಆದ್ರೆ ಮಧ್ಯದವನಾಗಿ ಅಲ್ಲ, ನಾನು ಅವರ ಕಡೆಯವನು" ಎಂದೆ. ಅವರಿಗೆ ಬೇಸರವಾಗುತ್ತದೆ, ಈ ಬಾಗಿಲು ಇನ್ನು ಮುಚ್ಚಿತು ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ನಕ್ಕರು. "ಅದು ನಮಗೆ ಮೊದ್ಲಿಂದ್ಲೂ ಗೊತ್ತಿರೋದೇ ಅಲ್ವೇನ್ರಿ?" ಎ��ದರು.

ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ. ಕಡತ ತೆಗೆದುಕೊಂಡು ಹೊರಗೆ ಬಂದೆ. ಮೆಟ್ಟಿಲ ಮೇಲೆ ಐದಾರು ಜನ ಕಾಯುತ್ತಿದ್ದರು.